ಹದಿನಾಲ್ಕರ ಕೈಗೆ ಸೀಟಿ: ತೀರ್ಪು ಹುಡುಗನದು, ಬೆಂಬಲ ಯಾರದು?

ಇಂಗ್ಲೆಂಡಿನಲ್ಲಿ ಕಾರು ಓಡಿಸಲು 17 ವರ್ಷ ತುಂಬಬೇಕು. ಮದ್ಯ ಖರೀದಿಸಲು 18 ಆಗಬೇಕು. ಆದರೆ ಫುಟ್‌ಬಾಲ್ ಪಂದ್ಯದ ರೆಫರಿಯಾಗಲು 14 ವರ್ಷ ಸಾಕು. ನಮ್ಮಲ್ಲಿ ಒಂಬತ್ತನೇ ತರಗತಿಯ ಬೆಂಚಿನ ಮೇಲೆ ಕುಳಿತಿರುವ ವಯಸ್ಸಿನ ಹುಡುಗ ಅಥವಾ ಹುಡುಗಿ, ಅಲ್ಲಿ ವಾರಾಂತ್ಯದ ಬೆಳಿಗ್ಗೆ ಕಪ್ಪು ಸಮವಸ್ತ್ರ ಧರಿಸಿ, ಸೀಟಿ ಹಿಡಿದು, ಎರಡು ತಂಡಗಳ ನಡುವೆ ನ್ಯಾಯ ತೀರ್ಮಾನಿಸಲು ಅಂಗಳಕ್ಕೆ ಇಳಿಯುತ್ತಾರೆ.

ಕೇಳಲು ಇದು ಚೆಂದದ ಸಂಗತಿ. ಇಷ್ಟು ಚಿಕ್ಕ ವಯಸ್ಸಿಗೇ ನಿರ್ಣಯ ಕೈಗೊಳ್ಳುವ ಹೊಣೆಯನ್ನು ಒಪ್ಪಿಸುವ ಕ್ಷೇತ್ರಗಳು ಬಹಳ ಇಲ್ಲ. ಆದರೆ ಗೆರೆಯ ಆಚೆ ನಿಂತ ಹಿರಿಯರು ಆ ಹುಡುಗನೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಪ್ರಶ್ನೆ ಎದ್ದಾಗ ಚಿತ್ರ ಬದಲಾಗುತ್ತದೆ. ಫುಟ್‌ಬಾಲಿನ ತವರು ಎನಿಸಿಕೊಂಡ ದೇಶ ಕಳೆದ ಒಂದೂವರೆ ದಶಕದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇದೆ. ಸಿಕ್ಕಿರುವ ಉತ್ತರಗಳಲ್ಲಿ ಕೆಲವು ಫಲ ನೀಡಿವೆ, ಕೆಲವು ಹೊರೆಯನ್ನು ಮತ್ತೆ ಹುಡುಗನ ಹೆಗಲಿಗೇ ಹಾಕಿವೆ.

ಸೀಟಿ ಕೈಗೆ ಬರುವ ಬಗೆ

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) 1863ರಲ್ಲಿ ಸ್ಥಾಪನೆಯಾದ, ವಿಶ್ವದ ಅತ್ಯಂತ ಹಳೆಯ ಫುಟ್‌ಬಾಲ್ ಸಂಸ್ಥೆ. ಅದರ ಅಧೀನದಲ್ಲಿ ಕೌಂಟಿ ಮಟ್ಟದ ಸಂಸ್ಥೆಗಳಿವೆ. ಹೊಸ ರೆಫರಿಗಳನ್ನು ತಯಾರು ಮಾಡುವ ಕೆಲಸ ಇವುಗಳದು. ಶುಲ್ಕ ಕಟ್ಟಿ ಹೆಸರು ನೋಂದಾಯಿಸಿದವರು ಮೊದಲು ಮನೆಯಲ್ಲೇ ಕುಳಿತು ಆನ್‌ಲೈನ್ ಪಾಠಗಳನ್ನು ಮುಗಿಸಬೇಕು. ನಂತರ ತರಗತಿ ಮತ್ತು ಮೈದಾನ ಎರಡರಲ್ಲೂ ಮುಖಾಮುಖಿ ತರಬೇತಿ ನಡೆಯುತ್ತದೆ. ಆಮೇಲೆ ಐದು ಪಂದ್ಯಗಳನ್ನು ನಿರ್ವಹಿಸಿ ತೋರಿಸಿದರೆ ಅರ್ಹತೆ ದೊರೆತಂತೆ.

ಕಲಿಯಬೇಕಾದ ನಿಯಮಗಳು 17. ಬೀದಿಯಲ್ಲಿ ಚೆಂಡು ಒದ್ದು ಬೆಳೆದ ಯಾವ ಮಗುವಿಗೂ ಇವುಗಳಲ್ಲಿ ಹೆಚ್ಚಿನವು ಹೊಸತಲ್ಲ. ಐದನೇ ನಿಯಮ ಮಾತ್ರ ವಿಶಿಷ್ಟವಾದುದು. ಅದು ರೆಫರಿಯನ್ನೇ ಕುರಿತದ್ದು. ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯ ನಿರ್ಣಯವೇ ಅಂತಿಮ ಎಂದು ಆ ನಿಯಮ ಸಾರುತ್ತದೆ. ವಿಶ್ವಕಪ್ ಫೈನಲ್ ನಡೆಸುವ ಅನುಭವಿಗೂ, ಊರ ಪಾರ್ಕಿನಲ್ಲಿ ಹತ್ತು ವರ್ಷದ ಮಕ್ಕಳ ಪಂದ್ಯ ನಡೆಸುವ ಹದಿನಾಲ್ಕರ ಹುಡುಗಿಗೂ ಕಾಗದದ ಮೇಲೆ ಇರುವ ಅಧಿಕಾರ ಒಂದೇ.

ಎಳೆಯ ರೆಫರಿಗಳಿಗೆ ಕೆಲವು ಮಿತಿಗಳನ್ನೂ ವಿಧಿಸಲಾಗಿದೆ. 16 ವರ್ಷ ತುಂಬದವರು ವಯಸ್ಕರ ಪಂದ್ಯ ನಡೆಸುವಂತಿಲ್ಲ. ತಮಗಿಂತ ಕಿರಿಯರ ಪಂದ್ಯಗಳಿಗೆ ಮಾತ್ರ ಅವರನ್ನು ನೇಮಿಸಲಾಗುತ್ತದೆ. ಅಪ್ರಾಪ್ತರೊಂದಿಗೆ ಲೀಗ್‌ನವರು ವ್ಯವಹರಿಸುವಾಗ ತಂದೆತಾಯಿಯ ಗಮನಕ್ಕೆ ತಂದೇ ವ್ಯವಹರಿಸಬೇಕು ಎಂಬ ಮಕ್ಕಳ ರಕ್ಷಣಾ ಸೂಚನೆಯೂ ಇದೆ.

ಒಂದು ಪಂದ್ಯಕ್ಕೆ ದೊರೆಯುವ ಸಂಭಾವನೆ ಲೀಗ್‌ನಿಂದ ಲೀಗ್‌ಗೆ ಬದಲಾಗುತ್ತದೆ. ಶಾಲಾ ವಿದ್ಯಾರ್ಥಿಯ ಕೈಖರ್ಚಿಗೆ ಅದು ಕಡಿಮೆ ಮೊತ್ತವೇನಲ್ಲ. ಪತ್ರಿಕೆ ಹಂಚುವ, ಅಂಗಡಿಯಲ್ಲಿ ನಿಲ್ಲುವ ಕೆಲಸಕ್ಕಿಂತ ಇದು ಮೇಲು ಎಂದು ಬರುವವರಿದ್ದಾರೆ. ಆಟಗಾರರಾಗಿ ಮುಂದುವರಿಯುವುದು ಕಷ್ಟ ಎಂದು ಅರಿತು, ಆದರೂ ಆಟವನ್ನು ಬಿಡಲಾಗದೆ ಬರುವವರೂ ಇದ್ದಾರೆ. ಅಪ್ಪನೋ ಚಿಕ್ಕಪ್ಪನೋ ರೆಫರಿಯಾಗಿದ್ದುದರಿಂದ ಬರುವವರು ಮತ್ತೊಂದು ವರ್ಗ.

ಪಾಠದಲ್ಲಿ ಇಲ್ಲದ ಪರೀಕ್ಷೆ

ದೂರದರ್ಶನದಲ್ಲಿ ಕಾಣುವ ಪಂದ್ಯಕ್ಕೂ ಇಲ್ಲಿನ ಪಂದ್ಯಕ್ಕೂ ಅಜಗಜಾಂತರ. ಅಲ್ಲಿ ಇಬ್ಬರು ಸಹಾಯಕ ರೆಫರಿಗಳು, ನಾಲ್ಕನೇ ಅಧಿಕಾರಿ, ವಿಡಿಯೊ ಪರಿಶೀಲನೆಗೆ ಪ್ರತ್ಯೇಕ ಕೊಠಡಿ. ಇಲ್ಲಿ ರೆಫರಿ ಒಬ್ಬಂಟಿ. ಬಾವುಟ ಹಿಡಿಯುವವರು ಬಹುತೇಕ ಆಯಾ ತಂಡದ ಹುಡುಗರ ಪೋಷಕರೇ. ತನ್ನ ಮಗನ ತಂಡದ ವಿರುದ್ಧ ಆಫ್‌ಸೈಡ್ ಬಾವುಟ ಎತ್ತಬೇಕಾದ ಅಪ್ಪನನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಹುಡುಗ ಮೊದಲ ಹತ್ತು ನಿಮಿಷಗಳಲ್ಲೇ ಅಳೆದುಕೊಳ್ಳಬೇಕು.

ಮೊದಲ ಪಂದ್ಯದಲ್ಲಿ ಆಗುವ ತಪ್ಪುಗಳೂ ಬಹುತೇಕ ಒಂದೇ ಬಗೆಯವು. ಸೀಟಿಯನ್ನು ಅಳುಕಿನಿಂದ ಮೆಲ್ಲಗೆ ಊದುವುದು, ಚೆಂಡಿನ ಹಿಂದೆಯೇ ಓಡಿ ಆಟಗಾರರ ದಾರಿಗೆ ಅಡ್ಡ ಬರುವುದು, ಫೌಲ್ ಕಂಡ ಮೇಲೂ ಒಂದು ಕ್ಷಣ ಹಿಂಜರಿದು, ಯಾರೋ ಕೂಗಿದ ನಂತರ ಸೀಟಿ ಊದುವುದು. ಈ ಕೊನೆಯ ತಪ್ಪು ದುಬಾರಿಯಾದುದು. ಕೂಗಿದರೆ ನಿರ್ಣಯ ಸಿಗುತ್ತದೆ ಎಂಬ ಸಂದೇಶ ಎರಡೂ ಬದಿಗೆ ತಲುಪಿಬಿಡುತ್ತದೆ. ಅಲ್ಲಿಂದ ಮುಂದೆ ಪಂದ್ಯ ಮುಗಿಯುವವರೆಗೆ ಕೂಗು ನಿಲ್ಲುವುದಿಲ್ಲ.

ಇವೆಲ್ಲ ಅಭ್ಯಾಸದಿಂದ ಸರಿಹೋಗುವ ದೋಷಗಳು. ಹತ್ತಿಪ್ಪತ್ತು ಪಂದ್ಯಗಳಲ್ಲಿ ಯಾವ ಜಾಣ ಹುಡುಗನೂ ಇವನ್ನು ತಿದ್ದಿಕೊಳ್ಳಬಲ್ಲ. ಆದರೆ ಆ ಹತ್ತಿಪ್ಪತ್ತು ಪಂದ್ಯಗಳ ತನಕ ಅವನು ಉಳಿಯಬೇಕಲ್ಲ? ಸಮಸ್ಯೆಯ ತಿರುಳು ಇಲ್ಲಿದೆ. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಶಾಲೆಯಲ್ಲೂ ಮನೆಯಲ್ಲೂ ಕಲಿಸಿದ ಮಗುವಿಗೆ, ಮೈದಾನದಲ್ಲಿ ನಲವತ್ತು ವರ್ಷದ ತರಬೇತುದಾರನನ್ನು ಎಚ್ಚರಿಸಬೇಕಾದ, ಅಗತ್ಯ ಬಿದ್ದರೆ ಹೊರಗೆ ಕಳಿಸಬೇಕಾದ ಪ್ರಸಂಗ ಎದುರಾಗುತ್ತದೆ. ನಿಯಮ ಅದಕ್ಕೆ ಅಧಿಕಾರ ಕೊಟ್ಟಿದೆ, ನಿಜ. ಆ ಅಧಿಕಾರ ಚಲಾಯಿಸುವ ಧೈರ್ಯವನ್ನು ಯಾವ ಕೈಪಿಡಿಯೂ ಕೊಡಲಾರದು.

ಗೆರೆಯಾಚೆಯ ಕೂಗು

ಪರಿಸ್ಥಿತಿ ಎಷ್ಟು ಹದಗೆಟ್ಟಿದೆ ಎಂಬುದಕ್ಕೆ 2023ರಲ್ಲಿ ಬಿಬಿಸಿ ರೇಡಿಯೊ ನಡೆಸಿದ ಸಮೀಕ್ಷೆ ಕನ್ನಡಿ ಹಿಡಿಯಿತು. ಇಂಗ್ಲೆಂಡಿನ ತಳಮಟ್ಟದ ಪಂದ್ಯಗಳನ್ನು ನಡೆಸುವ 927 ರೆಫರಿಗಳು ಅದಕ್ಕೆ ಉತ್ತರಿಸಿದ್ದರು. ಅವರಲ್ಲಿ 293 ಮಂದಿ ತಮ್ಮ ಮೇಲೆ ಪ್ರೇಕ್ಷಕರು, ಆಟಗಾರರು ಇಲ್ಲವೇ ತಂಡದ ಸಿಬ್ಬಂದಿ ಕೈಮಾಡಿದ್ದಾಗಿ ಹೇಳಿದರು. ತಮಗೆ ಅಥವಾ ತಮ್ಮ ಕುಟುಂಬಕ್ಕೆ ಹಿಂಸೆಯ ಬೆದರಿಕೆ ಬಂದಿದ್ದಾಗಿ ಹೇಳಿದವರು 378. ಕೊಲೆ ಬೆದರಿಕೆ ಎದುರಿಸಿದವರೂ 50ಕ್ಕಿಂತ ಹೆಚ್ಚು ಮಂದಿ ಇದ್ದರು.

ಸ್ವಇಚ್ಛೆಯಿಂದ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆ ಇದು. ಹಾಗಾಗಿ ಇಡೀ ದೇಶಕ್ಕೆ ಇದೇ ಪ್ರಮಾಣವನ್ನು ಅನ್ವಯಿಸಲಾಗದು. ನೊಂದವರೇ ಹೆಚ್ಚಾಗಿ ಉತ್ತರಿಸಿರುವ ಸಾಧ್ಯತೆಯೂ ಇದೆ. ಅಷ್ಟನ್ನು ಒಪ್ಪಿಕೊಂಡ ಮೇಲೂ, ಹಣಕ್ಕಾಗಿಯಾಗಲೀ ಕೀರ್ತಿಗಾಗಿಯಾಗಲೀ ನಡೆಯದ ಪಾರ್ಕಿನ ಪಂದ್ಯಗಳಲ್ಲಿ ನೂರಾರು ಮಂದಿ ಪೆಟ್ಟು ತಿಂದಿದ್ದಾರೆ ಎಂಬ ಸಂಗತಿ ಸಣ್ಣದಾಗುವುದಿಲ್ಲ.

ಕೂಗು ಯಾವಾಗಲೂ ಹೊಡೆತದ ಮಟ್ಟಕ್ಕೆ ಹೋಗುವುದಿಲ್ಲ. ಎಳೆಯರನ್ನು ಹಿಮ್ಮೆಟ್ಟಿಸಲು ಅಷ್ಟು ಬೇಕಾಗಿಯೂ ಇಲ್ಲ. ಪ್ರತಿ ನಿರ್ಣಯಕ್ಕೂ ಎದ್ದೇಳುವ ವ್ಯಂಗ್ಯದ ಚಪ್ಪಾಳೆ, ‘ಇವನಿಗೆ ನಿಯಮ ಗೊತ್ತೇ?’ ಎಂಬ ಉದ್ಗಾರ, ಪಂದ್ಯ ಮುಗಿದ ಮೇಲೆ ವಾಹನ ನಿಲುಗಡೆಯವರೆಗೂ ಹಿಂಬಾಲಿಸುವ ಪೋಷಕ, ಇಷ್ಟು ಸಾಕು. ಮುಂದಿನ ಶನಿವಾರ ‘ಮೈ ಹುಷಾರಿಲ್ಲ’ ಎಂಬ ಸಂದೇಶ ಹೋಗುತ್ತದೆ. ಆಮೇಲೆ ಆ ಹೆಸರು ಪಟ್ಟಿಯಿಂದಲೇ ಮರೆಯಾಗುತ್ತದೆ. ದೂರು ದಾಖಲಾಗದ ಈ ನಿರ್ಗಮನಗಳು ಯಾವ ಶಿಸ್ತು ಸಮಿತಿಯ ಮುಂದೆಯೂ ಬರುವುದಿಲ್ಲ.

ಮಾತು ಕೈಗೆ ತಿರುಗಿದಾಗ

ಬೈಗುಳವನ್ನು ‘ಆಟದ ಭಾಗ’ ಎಂದು ಬಿಟ್ಟರೆ ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಎರಡು ದೇಶಗಳಲ್ಲಿ ನಿದರ್ಶನಗಳಿವೆ. ನೆದರ್ಲೆಂಡ್ಸ್‌ನ ಅಲ್ಮೆರೆ ನಗರದಲ್ಲಿ 2012ರ ಡಿಸೆಂಬರ್‌ನಲ್ಲಿ ಮಗನ ತಂಡದ ಪಂದ್ಯಕ್ಕೆ ಸ್ವಯಂಸೇವಕನಾಗಿ ಬಾವುಟ ಹಿಡಿದಿದ್ದ ರಿಚರ್ಡ್ ನ್ಯೂವೆನ್‌ಹೈಜೆನ್ ಅವರನ್ನು ಎದುರಾಳಿ ತಂಡದವರು ಥಳಿಸಿದರು. ಮರುದಿನ ಅವರು ಕೊನೆಯುಸಿರೆಳೆದರು. 2013ರಲ್ಲಿ ನ್ಯಾಯಾಲಯ ಆರು ಹದಿಹರೆಯದ ಆಟಗಾರರನ್ನೂ, ಅವರಲ್ಲೊಬ್ಬನ ತಂದೆಯನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಿತು. ಅಮೆರಿಕದ ಯೂಟಾ ರಾಜ್ಯದಲ್ಲಿ 2013ರ ಏಪ್ರಿಲ್‌ನಲ್ಲಿ ಹಳದಿ ಕಾರ್ಡ್ ತೋರಿಸಿದ ರೆಫರಿ ರಿಕಾರ್ಡೊ ಪೋರ್ಟಿಯೊ ಅವರಿಗೆ 17 ವರ್ಷದ ಆಟಗಾರ ಗುದ್ದಿದ. ಒಂದು ವಾರ ಪ್ರಜ್ಞಾಹೀನರಾಗಿದ್ದ ಅವರು ಅಸುನೀಗಿದರು.

ಎರಡೂ ಪ್ರಕರಣಗಳಲ್ಲಿ ಸತ್ತವರು ವಯಸ್ಕರು, ಹೊಡೆದವರು ಬಹುತೇಕ ಹದಿಹರೆಯದವರು. ರೆಫರಿಯನ್ನು ಮನುಷ್ಯನೆಂದು ಕಾಣದ ದೃಷ್ಟಿ ಹುಟ್ಟಿನಿಂದ ಬರುವುದಿಲ್ಲ. ಎಂಟು, ಹತ್ತರ ವಯಸ್ಸಿನಲ್ಲಿ ಗೆರೆಯ ಆಚೆ ನಿಂತ ಅಪ್ಪ ಕೂಗುವುದನ್ನು ಕೇಳುತ್ತಾ ಬೆಳೆದ ಮಕ್ಕಳು ಅದನ್ನು ಕಲಿಯುತ್ತಾರೆ. ಹೀಗಾಗಿ ಎಳೆಯ ರೆಫರಿಯ ರಕ್ಷಣೆ ಕೇವಲ ಒಬ್ಬ ಹುಡುಗನ ರಕ್ಷಣೆಯಲ್ಲ. ಆ ಪಂದ್ಯ ಆಡುತ್ತಿರುವ ಮಕ್ಕಳಿಗೆ ಸಿಗುವ ಪಾಠವೂ ಅದೇ.

ಮದ್ದುಗಳ ಪಟ್ಟಿ

ಎಫ್‌ಎ ಕೈಕಟ್ಟಿ ಕುಳಿತಿಲ್ಲ. 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಆರಂಭಿಸಿತು. ಮಕ್ಕಳ ಪಂದ್ಯಗಳಲ್ಲಿ ಗೆರೆಯಿಂದ ಒಂದಿಷ್ಟು ದೂರಕ್ಕೆ ತಡೆ ಕಟ್ಟಿ, ಪ್ರೇಕ್ಷಕರನ್ನು ಅದರ ಹಿಂದೆ ನಿಲ್ಲಿಸುವ ಪದ್ಧತಿ ಬಂದದ್ದು ಆಗಲೇ. ಉದ್ದೇಶ ಉತ್ತಮವಾಗಿತ್ತು. ಆದರೆ ತಡೆ ಕಾಲನ್ನು ನಿಲ್ಲಿಸಬಲ್ಲದೇ ಹೊರತು ನಾಲಗೆಯನ್ನಲ್ಲ.

ಎರಡನೇ ಮದ್ದು ‘ಸಿನ್ ಬಿನ್’. ರೆಫರಿಯ ನಿರ್ಣಯವನ್ನು ಮಾತಿನಿಂದಲೋ ಹಾವಭಾವದಿಂದಲೋ ಧಿಕ್ಕರಿಸುವ ಆಟಗಾರನನ್ನು, 90 ನಿಮಿಷಗಳ ಪಂದ್ಯದಲ್ಲಾದರೆ 10 ನಿಮಿಷ ಹೊರಗೆ ಕೂರಿಸುವ ವ್ಯವಸ್ಥೆ ಇದು. 31 ಲೀಗ್‌ಗಳಲ್ಲಿ ಪ್ರಯೋಗ ಮಾಡಿದಾಗ ಇಂಥ ಧಿಕ್ಕಾರದ ಪ್ರಕರಣಗಳು ಶೇ 38ರಷ್ಟು ಇಳಿದವು. 2019–20ರ ಋತುವಿನಿಂದ ತಳಮಟ್ಟದ ಫುಟ್‌ಬಾಲ್‌ಗೆಲ್ಲ ಇದನ್ನು ವಿಸ್ತರಿಸಲಾಯಿತು.

ಮೂರನೆಯದು ಎದೆಗೆ ಕಟ್ಟಿಕೊಳ್ಳುವ ಕ್ಯಾಮೆರಾ. 2023ರ ಫೆಬ್ರುವರಿಯಲ್ಲಿ ಮಿಡಲ್ಸ್‌ಬರೋದಲ್ಲಿ ಪ್ರಯೋಗ ಶುರುವಾಯಿತು. ನಾಲ್ಕು ಲೀಗ್‌ಗಳ ಸುಮಾರು 100 ರೆಫರಿಗಳು ಇದರಲ್ಲಿ ಭಾಗಿಯಾದರು. ನಾಲ್ಕನೆಯದು ಅಂಕ ಕಡಿತ. 2023–24ರ ಋತುವಿನಿಂದ, ಆಟಗಾರರು ಅಥವಾ ತರಬೇತುದಾರರು ಗಂಭೀರ ದುರ್ವರ್ತನೆಯನ್ನು ಮತ್ತೆಮತ್ತೆ ತೋರಿದರೆ ತಂಡದ ಅಂಕಗಳನ್ನೇ ಕಡಿತಗೊಳಿಸಲು ಅವಕಾಶ ಕಲ್ಪಿಸಲಾಯಿತು.

ಇನ್ನು, ರೆಫರಿ ಅಪ್ರಾಪ್ತ ಎಂಬುದನ್ನು ಎಲ್ಲರಿಗೂ ತಿಳಿಸುವ ಬಣ್ಣದ ತೋಳುಪಟ್ಟಿಯನ್ನು ಹಲವು ಕೌಂಟಿ ಸಂಸ್ಥೆಗಳು ಜಾರಿಗೆ ತಂದಿವೆ. ಪೋಷಕರು ಬಾಯಿ ತೆರೆಯದೆ ಆಟ ನೋಡಬೇಕಾದ ‘ಮೌನ ವಾರಾಂತ್ಯ’ಗಳೂ ನಡೆದಿವೆ. ನೆರೆಯ ಜರ್ಮನಿ ಮತ್ತೊಂದು ಹೆಜ್ಜೆ ಇಟ್ಟಿದೆ. 2024–25ರ ಋತುವಿನಿಂದ ಅಲ್ಲಿನ ಹವ್ಯಾಸಿ ಪಂದ್ಯಗಳಲ್ಲಿ, ವಾತಾವರಣ ಕಾವೇರಿದರೆ ರೆಫರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ತಮ್ಮ ತಮ್ಮ ಪೆನಾಲ್ಟಿ ಆವರಣಕ್ಕೆ ಕಳಿಸಬಹುದು. ತಣ್ಣಗಾದ ಮೇಲೆ ಆಟ ಮುಂದುವರಿಯುತ್ತದೆ. ಮತ್ತೆಯೂ ಸರಿಹೋಗದಿದ್ದರೆ ಪಂದ್ಯವೇ ರದ್ದು.

ಯಾವುದು ಫಲಿಸೀತು?

ಈ ಕ್ರಮಗಳನ್ನು ಎರಡು ಗುಂಪಾಗಿ ವಿಂಗಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಂದು ಗುಂಪಿನ ಕ್ರಮಗಳು ಹೊರೆಯನ್ನು ರೆಫರಿಯ ಮೇಲೆ ಹಾಕುತ್ತವೆ. ಇನ್ನೊಂದು ಗುಂಪಿನವು ತಪ್ಪು ಮಾಡಿದ ತಂಡದ ಮೇಲೆ ಹಾಕುತ್ತವೆ.

ಕ್ಯಾಮೆರಾ ಮೊದಲ ಗುಂಪಿಗೆ ಸೇರಿದ್ದು. ಕಾವಲಿನ ಕಣ್ಣಿದೆ ಎಂಬ ಅರಿವೇ ಕೆಲವರನ್ನು ತಡೆದೀತು. ಆದರೆ ಅದರ ಮುಖ್ಯ ಉಪಯೋಗ ಸಾಕ್ಷ್ಯ ಒದಗಿಸುವುದು. ಅಂದರೆ ಅನಾಹುತ ಆದ ಮೇಲಿನ ಮಾತು. ಮೇಲಾಗಿ ಪ್ರಯೋಗ ನಡೆದದ್ದು ವಯಸ್ಕರ ಲೀಗ್‌ಗಳಲ್ಲಿ. ಮಕ್ಕಳು ಆಡುವ ಪಂದ್ಯವನ್ನು ಮಗುವೊಂದು ಎದೆಗೆ ಕ್ಯಾಮೆರಾ ಕಟ್ಟಿಕೊಂಡು ಚಿತ್ರೀಕರಿಸುವುದು ಮಕ್ಕಳ ರಕ್ಷಣೆಯ ದೃಷ್ಟಿಯಿಂದ ಸುಲಭದ ವಿಷಯವಲ್ಲ. ಹೀಗಾಗಿ ಯಾರಿಗೆ ರಕ್ಷಣೆ ಹೆಚ್ಚು ಬೇಕೋ ಅವರಿಗೇ ಈ ಸಾಧನ ಎಟುಕುತ್ತಿಲ್ಲ.

ತೋಳುಪಟ್ಟಿಯ ಕಥೆ ಇನ್ನೂ ಸೂಕ್ಷ್ಮ. ‘ಎದುರಿಗಿರುವುದು ಮಗು’ ಎಂದು ನೆನಪಾದರೆ ಹಿರಿಯರ ದನಿ ತಗ್ಗೀತು ಎಂಬ ನಂಬಿಕೆ ಅದರ ಹಿಂದಿದೆ. ತೀರಾ ತಪ್ಪು ನಂಬಿಕೆಯೇನಲ್ಲ. ಶಿಸ್ತು ಸಮಿತಿಯ ಮುಂದೆ ‘ವಯಸ್ಸು ಗೊತ್ತಿರಲಿಲ್ಲ’ ಎಂಬ ನೆಪಕ್ಕೂ ಅದು ಅವಕಾಶ ಕೊಡುವುದಿಲ್ಲ. ಆದರೆ ಅಧಿಕಾರದಿಂದ ನಿಲ್ಲಬೇಕಾದ ಹುಡುಗ ‘ನಾನು ಚಿಕ್ಕವನು, ಕರುಣೆ ತೋರಿ’ ಎಂಬ ಫಲಕ ಹೊತ್ತು ನಿಂತಂತೆಯೂ ಆಗುತ್ತದೆ. ಅಲ್ಲದೆ, 18 ತುಂಬಿ ಪಟ್ಟಿ ಕಳಚಿದ ಮರುದಿನ ಆತನನ್ನು ಬಯ್ಯಲು ಪರವಾನಗಿ ಸಿಕ್ಕಿತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಎರಡನೇ ಗುಂಪಿನಲ್ಲಿ ಸಿನ್ ಬಿನ್, ಅಂಕ ಕಡಿತ ಮತ್ತು ಜರ್ಮನಿಯ ‘ನಿಲ್ಲಿಸು’ ಪದ್ಧತಿ ಬರುತ್ತವೆ. ಸಿನ್ ಬಿನ್ ಯಶಸ್ವಿಯಾದದ್ದು ಶಿಕ್ಷೆ ಕಠಿಣವಾಗಿದ್ದುದರಿಂದಲ್ಲ. ಅದು ತಕ್ಷಣದ್ದು. ವರದಿ ಬರೆಯಬೇಕಿಲ್ಲ, ವಿಚಾರಣೆಗೆ ಹಾಜರಾಗಬೇಕಿಲ್ಲ, ವಾರಗಟ್ಟಲೆ ಕಾಯಬೇಕಿಲ್ಲ. ಒಬ್ಬನ ನಾಲಗೆಯಿಂದಾಗಿ ಇಡೀ ತಂಡ ಹತ್ತು ನಿಮಿಷ ಒಬ್ಬ ಆಟಗಾರ ಕಡಿಮೆಯಾಗಿ ಆಡಬೇಕು. ಆಗ ಅವನನ್ನು ಸುಮ್ಮನಿರಿಸುವ ಕೆಲಸವನ್ನು ಸಹ ಆಟಗಾರರೇ ವಹಿಸಿಕೊಳ್ಳುತ್ತಾರೆ. ಅಂಕ ಕಡಿತದ ಹಿಂದಿನ ತರ್ಕವೂ ಇದೇ. ದಂಡವನ್ನು ಕಟ್ಟಿ ಮರೆಯಬಹುದು, ಪಟ್ಟಿಯಲ್ಲಿ ಕೆಳಗಿಳಿದ ಸ್ಥಾನವನ್ನು ಮರೆಯುವುದು ಕಷ್ಟ.

ಇಲ್ಲೊಂದು ಕೊರತೆ ಉಳಿದಿದೆ. ಸಿನ್ ಬಿನ್ ಅನ್ವಯವಾಗುವುದು ಆಟಗಾರನಿಗೆ. ಎಳೆಯರ ಪಂದ್ಯದಲ್ಲಿ ಕೂಗುವವರಲ್ಲಿ ಹೆಚ್ಚಿನವರು ಆಟಗಾರರಲ್ಲ, ಪೋಷಕರು. ಪ್ರೇಕ್ಷಕರ ವರ್ತನೆಗೆ ಕ್ಲಬ್ ಹೊಣೆ ಎಂಬ ನಿಯಮ ಎಫ್‌ಎ ಪುಸ್ತಕದಲ್ಲಿದೆ. ಆದರೆ ಅದು ಜಾರಿಗೆ ಬರಬೇಕಾದರೆ ಯಾರಾದರೂ ವರದಿ ಬರೆಯಬೇಕು. ಆ ‘ಯಾರಾದರೂ’ ಮತ್ತೆ ಅದೇ ಹದಿನಾಲ್ಕರ ಹುಡುಗ. ಸೋಮವಾರ ಶಾಲೆ, ಮಂಗಳವಾರ ಪರೀಕ್ಷೆ, ನಡುವೆ ತನ್ನನ್ನು ಹೆದರಿಸಿದ ವ್ಯಕ್ತಿಯ ಬಗ್ಗೆ ಪುಟಗಟ್ಟಲೆ ಬರೆಯುವ ಕೆಲಸ. ಹಲವರು ಅದರ ಗೊಡವೆಗೇ ಹೋಗದೆ ಸೀಟಿಯನ್ನು ಮೇಜಿನ ಖಾನೆಗೆ ಹಾಕಿಬಿಡುತ್ತಾರೆ. ಮೊದಲ ಋತುವಿನಲ್ಲಿ ಅನುಭವಿ ರೆಫರಿಯೊಬ್ಬರು ಗೆರೆಯ ಬಳಿ ಜೊತೆಗಿದ್ದು, ಪಂದ್ಯದ ನಂತರ ವರದಿ ಬರೆಯಲು ನೆರವಾದರೆ ಈ ಕೊಂಡಿ ಬೆಸೆಯುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ನಿಯಮವೂ ಬೇಡ. ಬೇಕಾದುದು ಸಮಯ ಕೊಡುವ ಜನ. ಅದೇ ದುಬಾರಿ.

ಮೇಲಿನಿಂದ ಹರಿಯುವ ನೀರು

ತಳಮಟ್ಟದ ವರ್ತನೆಯನ್ನು ಮೇಲ್ಮಟ್ಟದ ಆಟದಿಂದ ಬೇರ್ಪಡಿಸಿ ನೋಡಲಾಗದು. ಇಂಗ್ಲೆಂಡಿನ ಅಗ್ರ ರೆಫರಿ ಮೈಕಲ್ ಆಲಿವರ್ ಅವರ ಬದುಕೇ ಇದಕ್ಕೆ ಉದಾಹರಣೆ. ರೆಫರಿಯಾಗಿದ್ದ ತಂದೆಯ ಹಾದಿ ಹಿಡಿದು ಅವರು 14ನೇ ವಯಸ್ಸಿಗೇ ಸೀಟಿ ಹಿಡಿದವರು. 2010ರಲ್ಲಿ, 25ನೇ ವಯಸ್ಸಿನಲ್ಲಿ, ಪ್ರೀಮಿಯರ್ ಲೀಗ್ ಪಂದ್ಯ ನಡೆಸಿದ ಅತಿ ಕಿರಿಯ ರೆಫರಿ ಎನಿಸಿದರು. ಎಳೆಯ ರೆಫರಿಗಳಿಗೆ ಇದಕ್ಕಿಂತ ದೊಡ್ಡ ಆದರ್ಶ ಬೇಕಿಲ್ಲ. ಅದೇ ಆಲಿವರ್ 2025ರ ಜನವರಿಯಲ್ಲಿ ಆರ್ಸೆನಲ್ ಆಟಗಾರನೊಬ್ಬನಿಗೆ ಕೆಂಪು ಕಾರ್ಡ್ ತೋರಿಸಿದ ನಂತರ ಕೊಲೆ ಬೆದರಿಕೆ ಎದುರಿಸಬೇಕಾಯಿತು. ಪೊಲೀಸರು ತನಿಖೆಗೆ ಇಳಿದರು. ಕಾರ್ಡ್ ತಪ್ಪಾಗಿತ್ತು ಎಂದು ನಂತರ ಮೇಲ್ಮನವಿಯಲ್ಲಿ ತೀರ್ಮಾನವಾಗಿ ಅದು ರದ್ದಾಯಿತು. ತಪ್ಪನ್ನು ತಿದ್ದಲು ದಾರಿ ಇದ್ದೇ ಇತ್ತು. ಬೆದರಿಕೆ ಹಾಕಿದವರಿಗೆ ಆ ದಾರಿ ಬೇಕಿರಲಿಲ್ಲ. ಇನ್ನೊಬ್ಬ ರೆಫರಿ ಆಂಟನಿ ಟೇಲರ್ ಅವರನ್ನು 2023ರ ಯುರೋಪಾ ಲೀಗ್ ಫೈನಲ್ ನಂತರ ಬುಡಾಪೆಸ್ಟ್ ವಿಮಾನ ನಿಲ್ದಾಣದಲ್ಲಿ, ಕುಟುಂಬದ ಎದುರೇ, ಸೋತ ತಂಡದ ಬೆಂಬಲಿಗರು ಮುತ್ತಿಗೆ ಹಾಕಿದ್ದರು.

ಕನ್ನಡದ ಓದುಗರು ಇದನ್ನು ದೂರದ ಸುದ್ದಿಯೆಂದು ಪಕ್ಕಕ್ಕಿಡುವಂತಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ನಾಕೌಟ್ ಪಂದ್ಯ ನಡೆದಿತ್ತು. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ತ್ವರಿತವಾಗಿ ಹೊಡೆದ ಫ್ರೀಕಿಕ್ ಗೋಲಾಯಿತು. ರೆಫರಿ ಅದನ್ನು ಮಾನ್ಯ ಮಾಡಿದರು. ಕೇರಳ ಬ್ಲಾಸ್ಟರ್ಸ್ ತಂಡ ಆಟ ಬಿಟ್ಟು ಹೊರನಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ತರಬೇತುದಾರನನ್ನು 10 ಪಂದ್ಯಗಳಿಂದ ನಿಷೇಧಿಸಿತು. ನಿರ್ಣಯ ಸರಿಯೇ ತಪ್ಪೇ ಎಂಬ ಚರ್ಚೆ ಬಹಳ ನಡೆಯಿತು. ಆದರೆ ಒಪ್ಪದ ನಿರ್ಣಯಕ್ಕೆ ಉತ್ತರ ಅಂಗಳ ತೊರೆಯುವುದಲ್ಲ ಎಂಬ ಸಂದೇಶ ರವಾನೆಯಾಯಿತು. ಅಲ್ಲಿಯೂ ಬೆಲೆ ತೆತ್ತದ್ದು ಕ್ಲಬ್ ಎಂಬುದು ಗಮನಾರ್ಹ.

ಬೆಂಗಳೂರಿನಲ್ಲಿ ಅಕಾಡೆಮಿಗಳು, ಶಾಲಾ ಪಂದ್ಯಾವಳಿಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿವೆ. ಪಂದ್ಯ ಹೆಚ್ಚಿದಂತೆ ಅವುಗಳನ್ನು ನಡೆಸಿಕೊಡುವವರೂ ಬೇಕು. ಇಂದಲ್ಲ ನಾಳೆ ಇಲ್ಲಿಯೂ ಕಾಲೇಜು ಮೆಟ್ಟಿಲು ಹತ್ತುತ್ತಿರುವವರೇ ಆ ಸಂಖ್ಯೆಯನ್ನು ತುಂಬಬೇಕಾಗುತ್ತದೆ. ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿ ಕೂರುವ ಪೋಷಕರ ದನಿ ಇಲ್ಲೇನೂ ಮೆಲುವಲ್ಲ. ಇಂಗ್ಲೆಂಡ್ ಒಂದೂವರೆ ದಶಕ ಎಡವಿ ಕಲಿತದ್ದನ್ನು ಎಡವದೆಯೇ ಕಲಿಯುವ ಅವಕಾಶ ನಮಗಿದೆ.

ಎಳೆಯ ರೆಫರಿ ತಪ್ಪು ಮಾಡುತ್ತಾನೆ. ಅದೇ ಪಂದ್ಯದಲ್ಲಿ ಎಳೆಯ ಗೋಲ್‌ಕೀಪರ್ ಚೆಂಡನ್ನು ಕೈಚೆಲ್ಲುತ್ತಾನೆ, ಎಳೆಯ ಮುಂಚೂಣಿ ಆಟಗಾರ ಖಾಲಿ ಗೋಲಿನ ಎದುರು ಗುರಿ ತಪ್ಪುತ್ತಾನೆ. ಆಗೆಲ್ಲ ‘ಪರವಾಗಿಲ್ಲ, ಮುಂದೆ ನೋಡು’ ಎಂದು ಗೆರೆಯ ಆಚೆಯಿಂದ ಕೂಗುವ ಅಪ್ಪ ಅಮ್ಮಂದಿರಿದ್ದಾರೆ. ಅಂಗಳದಲ್ಲಿ ಕಲಿಯಲು ಬಂದಿರುವ ಮಕ್ಕಳ ಲೆಕ್ಕಕ್ಕೆ ಸೀಟಿ ಹಿಡಿದವನನ್ನೂ ಸೇರಿಸಿಕೊಂಡರೆ, ಅವನು ಮುಂದಿನ ಶನಿವಾರವೂ ಬಂದಾನು.